ಗುಬ್ಬಿ ವೀರಣ್ಣನ ಡೇರೆಯಿಂದ ಮಾಲಿನ ಬಾಗಿಲವರೆಗೆ: ನಾಟಕ, ಸಿನಿಮಾ ಯಾರ ಸ್ವತ್ತು?

2024ರ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಪಂಚೆ ಉಟ್ಟು ಮಗನ ಜೊತೆ ಸಿನಿಮಾ ನೋಡೋಕೆ ಬಂದಿದ್ದ ವಯಸ್ಸಾದ ರೈತರೊಬ್ಬರನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದರು. ಉಟ್ಟ ಪಂಚೆಯೇ ತಪ್ಪಾಗಿತ್ತು. ಪ್ರತಿಭಟನೆ ಆಯಿತು, ವಿಧಾನಸಭೆಯಲ್ಲಿ ಮಾತಾಯಿತು, ಸರ್ಕಾರ ಏಳು ದಿನ ಮಾಲ್ ಮುಚ್ಚಿಸಿತು. ಮರುವರ್ಷ, 2025ರಲ್ಲಿ, ಇದೇ ಸರ್ಕಾರ ಸಿನಿಮಾ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತು. ಮಲ್ಟಿಪ್ಲೆಕ್ಸಿನವರು ಹೈಕೋರ್ಟ್ ಮೆಟ್ಟಿಲೇರಿದರು, ಕೋರ್ಟು ತಡೆ ಕೊಟ್ಟಿತು.

ಈ ಎರಡೂ ಸುದ್ದಿಯನ್ನು ನಾವು ಬೇರೆಬೇರೆ ಅಂತ ಓದಿಕೊಂಡೆವು. ಒಂದು ಅವಮಾನದ ಸುದ್ದಿ, ಇನ್ನೊಂದು ದುಡ್ಡಿನ ಸುದ್ದಿ ಅಂತ. ನನಗೆ ಮಾತ್ರ ಎರಡೂ ಒಂದೇ ಪ್ರಶ್ನೆಯ ಎರಡು ಮುಖ ಅನ್ನಿಸುತ್ತೆ: ಕತ್ತಲ ಹಾಲ್‌ನಲ್ಲಿ ಎಲ್ಲರ ಜೊತೆ ಕೂತು ಕತೆ ನೋಡುವ ಹಕ್ಕು ಯಾರದು? ಈ ಪ್ರಶ್ನೆ ಹಿಡಿದು ಹಿಂದಕ್ಕೆ ನಡೆದರೆ ಮೆಜೆಸ್ಟಿಕ್ಕಿನ ಥಿಯೇಟರುಗಳು ಸಿಗುತ್ತವೆ, ಅದರ ಹಿಂದೆ ನಾಟಕ ಕಂಪನಿಗಳ ತಗಡಿನ ಕೊಟ್ಟಿಗೆಗಳು, ಬಟ್ಟೆಯ ಡೇರೆಗಳು ಸಿಗುತ್ತವೆ. ಆ ಡೇರೆಯ ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ. ಅವನೇ ಗುಬ್ಬಿ ವೀರಣ್ಣ.

ನಿಮ್ಮಲ್ಲಿ ಬಹಳ ಜನಕ್ಕೆ ಗುಬ್ಬಿ ವೀರಣ್ಣ ಅಂದರೆ ಒಂದು ಪ್ರಶಸ್ತಿಯ ಹೆಸರು, ಇಲ್ಲವೇ ತುಮಕೂರಿನ ಕಲಾಕ್ಷೇತ್ರದ ಬೋರ್ಡು. ನಾನು ತುಮಕೂರು ಜಿಲ್ಲೆಯಲ್ಲೇ ಓದಿದ್ದರಿಂದ ಆ ಬೋರ್ಡಿನ ಕೆಳಗೆ ಎಷ್ಟೋ ಸಲ ನಿಂತಿದ್ದೇನೆ. ಕಾಲೇಜು ಫಂಕ್ಷನ್ನು, ವಿಚಾರ ಸಂಕಿರಣ, ರೈತ ಸಂಘದ ಸಮಾವೇಶ ಎಲ್ಲ ಅಂಥ ಕಡೆಯೇ ಆಗುವುದು. ಹೆಸರು ಬೋರ್ಡಾದ ಮೇಲೆ ಮನುಷ್ಯ ಮರೆಯಾಗುತ್ತಾನೆ. ಹಾಗಾಗಿ ಬೋರ್ಡನ್ನು ಪಕ್ಕಕ್ಕಿಟ್ಟು ಮನುಷ್ಯನ ಕತೆಯನ್ನು ಹೇಳುತ್ತೇನೆ.

ದೇವರ ಹೆಸರು, ಸಾಹೇಬರ ಕಂಪನಿ

ಗುಬ್ಬಿ ಅಷ್ಟೇನೂ ದೊಡ್ಡ ಊರಲ್ಲ. ಅಡಿಕೆ, ಕೊಬ್ಬರಿ ಸೀಮೆ. ಊರಿಗೆ ಚನ್ನಬಸವೇಶ್ವರಸ್ವಾಮಿ ದೇವರು, ವರ್ಷಕ್ಕೊಂದು ದೊಡ್ಡ ಜಾತ್ರೆ. ಬೆಂಗಳೂರಿಂದ ತುಮಕೂರು ದಾಟಿ ಬರುವ ರೈಲು ಹಳಿಯ ಮೇಲೆ ಇರುವ ಊರು. ನಾಟಕದ ಸಾಮಾನು ಹೊತ್ತು ತಿರುಗುವವರಿಗೆ ರೈಲು ಎಂದರೆ ಏನು ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

1884ರಲ್ಲಿ ಈ ಊರಿನ ಕೆಲವರು ಸೇರಿ ನಾಟಕ ಕಂಪನಿ ಕಟ್ಟಿದರು. ಹೆಸರು ಊರ ದೇವರದು: ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ. ಕಟ್ಟಿದವರಲ್ಲಿ ಗುಬ್ಬಿಯ ಚಂದಣ್ಣ ಒಬ್ಬರು, ಅಬ್ದುಲ್ ಅಜೀಜ್ ಸಾಹೇಬರು ಇನ್ನೊಬ್ಬರು. ಇದನ್ನು ಇವತ್ತಿನ ಕಣ್ಣಲ್ಲಿ ಒಮ್ಮೆ ಓದಿ. ಜಾತ್ರೆಯಲ್ಲಿ ಯಾರು ಅಂಗಡಿ ಇಡಬಹುದು, ಯಾರು ಇಡಬಾರದು ಅಂತ ಬ್ಯಾನರ್ ಕಟ್ಟುವ ಕಾಲ ಇದು. ಅದೇ ನಾಡಿನಲ್ಲಿ, ವೀರಶೈವ ದೇವರ ಹೆಸರಿನ ಕಂಪನಿಗೆ ಒಬ್ಬ ಮುಸ್ಲಿಂ ಅಡಿಗಲ್ಲು ಹಾಕಿದ್ದ. ಆಡುತ್ತಿದ್ದದ್ದು ರಾಮಾಯಣ, ಮಹಾಭಾರತದ ಕತೆಗಳು. ಇದನ್ನು ಯಾರೂ ಸೌಹಾರ್ದ ಸಮಾವೇಶ ಅಂತ ಕರೆದು ಮಾಡಲಿಲ್ಲ. ಅವತ್ತಿಗೆ ಅದು ಊರಿನ ಕಸುಬುದಾರರು ಕೂಡಿ ಮಾಡಿದ ಒಂದು ಕೆಲಸ, ಅಷ್ಟೇ. ಮುಂದೆ ಕನ್ನಡ ರಂಗಭೂಮಿ ಮಹಮ್ಮದ್ ಪೀರ್ ಅವರಂಥ ದೊಡ್ಡ ನಟನನ್ನು ಕಂಡದ್ದೂ ಇದೇ ಹದದ ನೆಲದಲ್ಲಿ.

ವೀರಣ್ಣ ಹುಟ್ಟಿದ್ದು 1891ರಲ್ಲಿ. ಕಂಪನಿಗಿಂತ ಏಳು ವರ್ಷ ಚಿಕ್ಕವರು. ಶಾಲೆಯಲ್ಲಿ ಕಲಿತದ್ದು ಕಡಿಮೆ. ಚಿಕ್ಕ ಹುಡುಗನಾಗಿದ್ದಾಗಲೇ ಕಂಪನಿ ಸೇರಿ ಸಣ್ಣಪುಟ್ಟ ಪಾತ್ರ, ಹಾಡು, ಬಣ್ಣದ ಮನೆ, ಪರದೆ ಎಳೆಯುವುದು ಎಲ್ಲವನ್ನೂ ಅಲ್ಲೇ ಕಲಿತರು. ಈಗಿನ ಭಾಷೆಯಲ್ಲಿ ಹೇಳುವುದಾದರೆ ಅವರ ಯೂನಿವರ್ಸಿಟಿ ಅದು. 1917ರ ಹೊತ್ತಿಗೆ, ಇಪ್ಪತ್ತಾರರ ಹರೆಯದಲ್ಲಿ, ಕಂಪನಿಯೇ ಅವರ ಕೈಗೆ ಬಂತು.

ನೆಲ, ಬೆಂಚು, ಕುರ್ಚಿ

ಕಂಪನಿ ನಾಟಕ ಹೇಗೆ ನಡೆಯುತ್ತಿತ್ತು ಅಂತ ಗೊತ್ತಾಗದೆ ವೀರಣ್ಣನ ದೊಡ್ಡಸ್ತಿಕೆ ಗೊತ್ತಾಗುವುದಿಲ್ಲ.

ಕಂಪನಿ ಒಂದು ಊರಿಗೆ ಬಂದು ಬಿಡಾರ ಹೂಡಿತು ಅಂದರೆ ಅದನ್ನು ಕ್ಯಾಂಪ್ ಅನ್ನುತ್ತಿದ್ದರು. ಬೊಂಬು ನೆಟ್ಟು, ತಗಡು ಹೊದಿಸಿ ಥಿಯೇಟರ್ ಎಬ್ಬಿಸಬೇಕು. ಪರದೆ, ಪೆಟ್ಟಿಗೆ, ಉಡುಪು, ಹಾರ್ಮೋನಿಯಂ, ದೀಪ, ಅಡುಗೆ ಪಾತ್ರೆ, ಎಳೆ ಮಕ್ಕಳ ತೊಟ್ಟಿಲು ಸಮೇತ ಎಲ್ಲವೂ ಜೊತೆಗೆ ಬರಬೇಕು. ನಟರು, ನಟಿಯರು, ಹಾರ್ಮೋನಿಯಂ ಮಾಸ್ತರು, ತಬಲದವರು, ಪರದೆ ಬರೆಯುವ ಪೇಂಟರು, ಬಡಗಿ, ದರ್ಜಿ, ಅಡುಗೆಯವರು, ಗೇಟು ಕಾಯುವವರು. ಒಂದು ಸಣ್ಣ ಊರೇ ಗಂಟುಮೂಟೆ ಕಟ್ಟಿಕೊಂಡು ತಿರುಗಿದ ಹಾಗೆ. ಮಳೆಗಾಲ ಜೋರಾದರೆ, ಊರಿಗೆ ಪ್ಲೇಗ್ ಬಂದರೆ, ಬೆಳೆ ಹೋದರೆ ಕಲೆಕ್ಷನ್ ಇಲ್ಲ. ಕಲೆಕ್ಷನ್ ಇಲ್ಲ ಅಂದರೆ ಅಷ್ಟೂ ಹೊಟ್ಟೆಗೆ ಹಿಟ್ಟಿಲ್ಲ.

ಈ ಲೆಕ್ಕಾಚಾರದಲ್ಲಿ ಬಹಳ ಕಂಪನಿಗಳು ಮುಳುಗಿದವು. ರಾಜರ ಆಶ್ರಯ ನಂಬಿಕೊಂಡವರು, ಆಶ್ರಯ ತಪ್ಪಿದ ಕೂಡಲೇ ಬೀದಿಗೆ ಬಂದರು. ವೀರಣ್ಣನಿಗೂ ಮೈಸೂರು ಅರಮನೆಯ ಮನ್ನಣೆ ಸಿಕ್ಕಿತು, ನಾಟಕರತ್ನ ಅನ್ನುವ ಬಿರುದು ಹೆಸರಿನ ಮುಂದೆ ಅಂಟಿಕೊಂಡಿತು. ಆದರೆ ಅವರು ಕಂಪನಿಯನ್ನು ನಿಲ್ಲಿಸಿದ್ದು ಅರಮನೆಯ ಮೇಲಲ್ಲ, ನೆಲದ ಟಿಕೆಟ್ಟಿನ ಮೇಲೆ.

ಡೇರೆಯ ಒಳಗೆ ಸಮಾಜದ ಏಣಿ ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಇತ್ತು. ನೆಲ ಬೇರೆ, ಬೆಂಚು ಬೇರೆ, ಕುರ್ಚಿ ಬೇರೆ, ಹೆಂಗಸರಿಗೆ ಬೇರೆ ಜಾಗ. ಮುಂದೆ ಸಿನಿಮಾ ಥಿಯೇಟರಿಗೂ ಇದೇ ವ್ಯವಸ್ಥೆ ಬಂತು, ಪರದೆಗೆ ಅಂಟಿಕೊಂಡಂತಿದ್ದ ಅಗ್ಗದ ಸಾಲಿಗೆ ಜನ ಗಾಂಧಿ ಕ್ಲಾಸ್ ಅಂತ ಹೆಸರಿಟ್ಟರು. ಆದರೆ ಒಂದು ವ್ಯತ್ಯಾಸ ಗಮನಿಸಿ. ದೇವಸ್ಥಾನದ ಒಳಗೆ, ಹೋಟೆಲಿನ ಒಳಗೆ, ಕೆರೆ ಬಾವಿಯ ಹತ್ತಿರ ನಿಮ್ಮ ಜಾಗವನ್ನು ಜಾತಿ ಹೇಳುತ್ತಿತ್ತು. ಡೇರೆಯಲ್ಲಿ ಹೇಳುತ್ತಿದ್ದದ್ದು ಚೀಟಿ. ದುಡ್ಡೂ ಒಂದು ಗೋಡೆಯೇ, ನಿಜ. ಆದರೆ ಎರಡಾಣೆ ಕೂಡಿಟ್ಟವನು ದಾಟಬಹುದಾದ ಗೋಡೆ. ಮತ್ತೆ ಕಂಪನಿಯ ಮಾಲೀಕನ ಹೊಟ್ಟೆಪಾಡು ನಡೆಯುತ್ತಿದ್ದದ್ದು ಆ ಎರಡಾಣೆಯವರ ಸಂಖ್ಯೆಯಿಂದಲೇ. ಕುರ್ಚಿಯವರು ಎಷ್ಟು ಜನ ಇದ್ದಾರು?

ಇವತ್ತಿನ ಮಲ್ಟಿಪ್ಲೆಕ್ಸ್ ಈ ಲೆಕ್ಕವನ್ನೇ ತಲೆಕೆಳಗು ಮಾಡಿದೆ. ಕಡಿಮೆ ಸೀಟು, ಹೆಚ್ಚು ರೇಟು, ಪಾಪ್‌ಕಾರ್ನ್‌ನಲ್ಲಿ ಲಾಭ. ಅಲ್ಲಿಗೆ ನೆಲದವನು ಬೇಕಾಗಿಯೇ ಇಲ್ಲ. ಬೇಡವಾದವನ ಪಂಚೆ ಕಣ್ಣಿಗೆ ಚುಚ್ಚುವುದು ಆಮೇಲಿನ ಮಾತು.

ಕಳ್ಳನಾಗಿ ಗೆದ್ದ ಮಾಲೀಕ

ಕಂಪನಿಯ ಮಾಲೀಕ ಎಂದರೆ ರಾಜಪಾರ್ಟು ಕಟ್ಟಬೇಕು ಅನ್ನುವುದು ರೂಢಿ. ವೀರಣ್ಣ ಹಾಸ್ಯದವರು. ಸದಾರಮೆ ನಾಟಕದಲ್ಲಿ ಅವರ ಕಳ್ಳನ ಪಾತ್ರ ನೋಡೋಕೆ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ರಾಜಕುಮಾರ ಹಾಡು ಹೇಳಿ ಹೋದ ಮೇಲೆ ಕಳ್ಳ ಬಂದು ನಗಿಸುತ್ತಿದ್ದ. ನೆಲದ ಮೇಲೆ ಕೂತವನಿಗೆ ರಾಜನ ಭಾಷೆಗಿಂತ ಕಳ್ಳನ ಭಾಷೆ ಹತ್ತಿರ ಅನ್ನುವುದು ವೀರಣ್ಣನಿಗೆ ಗೊತ್ತಿತ್ತು. ಹಾಸ್ಯಗಾರನಿಗೆ ಇನ್ನೊಂದು ಅನುಕೂಲವೂ ಇದೆ. ಬರೆದ ಮಾತಿನ ನಡುವೆ ಆ ಊರಿನ ಶಾನುಭೋಗರನ್ನೋ, ಸಾಹುಕಾರನನ್ನೋ ಮೆಲ್ಲಗೆ ಚಿವುಟಿ ಬಿಡಬಹುದು. ಕಂಪನಿ ರಂಗಭೂಮಿ ಈ ಚಿವುಟುವ ವಿದ್ಯೆಯನ್ನು ಬೆಳೆಸಿಕೊಂಡು ಬಂತು. ಸ್ವಾತಂತ್ರ್ಯ ಬಂದ ಮೇಲೆ ಮಾಸ್ಟರ್ ಹಿರಣ್ಣಯ್ಯ ಲಂಚಾವತಾರದಲ್ಲಿ ಅದನ್ನೇ ದೊಡ್ಡದು ಮಾಡಿ ಮಂತ್ರಿ, ಅಧಿಕಾರಿಗಳ ನಿದ್ದೆ ಕೆಡಿಸಿದರು.

ವೀರಣ್ಣನ ಕಂಪನಿ ಕನ್ನಡದ ಗಡಿಯೊಳಗೆ ಕೂರಲಿಲ್ಲ. ತಮಿಳು, ತೆಲುಗು ಸೀಮೆಗೂ ಹೋಗಿ, ಆ ಭಾಷೆಗಳಲ್ಲೇ ಆಡಿ ಬಂತು. ಕಂಪನಿ ಬೆಳೆದಾಗ ಶಾಖೆಗಳಾದವು, ಮಕ್ಕಳದೇ ಒಂದು ತಂಡವೂ ಆಯಿತು. ಭಾಷೆಯ ಹೆಸರಲ್ಲಿ ಈಗ ನಾವು ಜಗಳ ಆಡುವ ಪರಿಯನ್ನು ನೋಡಿದರೆ, ಕನ್ನಡದ ಕಂಪನಿಯೊಂದು ಪಕ್ಕದ ಭಾಷೆಯವರ ಊರಿಗೆ ಹೋಗಿ ಅವರ ಭಾಷೆಯಲ್ಲೇ ಅವರನ್ನು ಗೆದ್ದು ಬಂದದ್ದು ದೊಡ್ಡ ಪಾಠ. ಕನ್ನಡ ಅದರಿಂದ ಸವೆಯಲಿಲ್ಲ.

ಹೆಣ್ಣಿನ ಪಾತ್ರಕ್ಕೆ ಹೆಣ್ಣು

ಆ ಕಾಲದ ಕಂಪನಿಗಳಲ್ಲಿ ಸೀತೆ, ದ್ರೌಪದಿ ಆಗುತ್ತಿದ್ದವರು ಮೀಸೆ ಬೋಳಿಸಿದ ಗಂಡಸರು. ಮರ್ಯಾದಸ್ಥರ ಮನೆಯ ಹೆಣ್ಣು ರಂಗದ ಮೇಲೆ ನಿಲ್ಲಬಾರದು ಅನ್ನುವುದು ಕಟ್ಟಳೆ. ನಿಂತವಳಿಗೆ ಮರ್ಯಾದೆ ಇಲ್ಲ ಅನ್ನುವುದು ಅದರ ಮುಂದಿನ ಸಾಲು. ವೀರಣ್ಣ ಈ ಕಟ್ಟಳೆ ಮುರಿದವರ ಸಾಲಿನಲ್ಲಿ ಮುಂದೆ ಇದ್ದರು. ಜಿ. ಸುಂದರಮ್ಮ, ಭದ್ರಮ್ಮ, ಬಿ. ಜಯಮ್ಮ, ಮಳವಳ್ಳಿ ಸುಂದರಮ್ಮ ಇವರೆಲ್ಲ ಅವರ ಕಂಪನಿಯ ರಂಗದ ಮೇಲೆ ಬೆಳಗಿದವರು.

ಇಲ್ಲಿ ಒಂದು ಗಂಟು ಇದೆ. ಅದನ್ನು ಬಿಡಿಸದೆ ಮುಂದೆ ಹೋಗುವುದು ಸರಿಯಲ್ಲ. ಇವರಲ್ಲಿ ಸುಂದರಮ್ಮ, ಭದ್ರಮ್ಮ, ಜಯಮ್ಮ ಮೂವರೂ ವೀರಣ್ಣನ ಹೆಂಡತಿಯರು. ಅಂದರೆ ಮಾಲೀಕ, ಗಂಡ, ಎದುರು ಪಾತ್ರಧಾರಿ ಮೂರೂ ಒಬ್ಬನೇ. ಮೇಲ್ನೋಟಕ್ಕೆ ಇದು ಹೆಣ್ಣಿಗೆ ರಂಗ ಬಿಟ್ಟುಕೊಟ್ಟ ಉದಾರಿ ಗಂಡಸಿನ ಕತೆ ಅನ್ನಿಸಬಹುದು. ಆದರೆ ಮನೆಯೂ ಅವನದೇ, ಕಂಪನಿಯೂ ಅವನದೇ ಆದಾಗ ಆ ಹೆಣ್ಣುಮಕ್ಕಳ ದುಡಿಮೆಯ ಲೆಕ್ಕ ಯಾವ ಪುಸ್ತಕದಲ್ಲಿ ಬರೆದಿಟ್ಟಿದ್ದರು? ಗಂಡಸರ ಸಾಹಸದ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಜಾಗ ಇರುವುದಿಲ್ಲ.

ಹಾಗಂತ ಆ ಹೆಣ್ಣುಮಕ್ಕಳನ್ನು ಬರೀ ಬಲಿಪಶು ಅಂತ ನೋಡುವುದೂ ಅನ್ಯಾಯ. ಜಯಮ್ಮ ಎಂಥ ನಟಿ, ಎಂಥ ಗಾಯಕಿ ಅನ್ನುವುದಕ್ಕೆ 1946ರ ಹೇಮರೆಡ್ಡಿ ಮಲ್ಲಮ್ಮ ಸಿನಿಮಾ ಸಾಕ್ಷಿ. ಕಂಪನಿಯ ಹೆಸರು ದೊಡ್ಡದಾಗಿದ್ದರಲ್ಲಿ ಅವರ ಕಂಠದ ಪಾಲು, ದುಡಿಮೆಯ ಪಾಲು ವೀರಣ್ಣನ ಪಾಲಿಗಿಂತ ಕಡಿಮೆ ಇಲ್ಲ. ಆ ಮನೆತನದ ಹೆಣ್ಣುಮಗಳು, ವೀರಣ್ಣನ ಮೊಮ್ಮಗಳು ಬಿ. ಜಯಶ್ರೀ, 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡು ಸಂಸತ್ತಿನಲ್ಲಿ ಕೂತರು. ಮರ್ಯಾದೆಯ ಗೆರೆಯ ಆಚೆ ಇಟ್ಟಿದ್ದ ಕಸುಬಿನವರು ಅಲ್ಲಿಗೆ ತಲುಪೋಕೆ ಮೂರು ತಲೆಮಾರು ಬೇಕಾಯಿತು.

ಎರಡು ಬೆಂಗಳೂರು, ಎರಡು ಪರದೆ

ವೀರಣ್ಣನ ಕಾಲದ ಬೆಂಗಳೂರು ಒಂದೇ ಊರಲ್ಲ. ಒಂದು ಮೈಸೂರು ಮಹಾರಾಜರ ಪೇಟೆ, ಇನ್ನೊಂದು ಬ್ರಿಟಿಷರ ಆಡಳಿತದ ದಂಡು. ಎರಡೂ ಸೇರಿ ಒಂದು ಕಾರ್ಪೊರೇಷನ್ ಆದದ್ದು 1949ರಲ್ಲಿ. ಮನರಂಜನೆಯ ಭೂಪಟವೂ ಹಾಗೇ ಒಡೆದಿತ್ತು.

ದಂಡಿನ ಕಡೆ ಸೋಲ್ಜರುಗಳು, ಆಫೀಸರುಗಳು, ಅವರ ಸುತ್ತ ಬದುಕು ಕಟ್ಟಿಕೊಂಡ ತಮಿಳು, ಉರ್ದು ಮಾತಾಡುವ ದುಡಿಯುವ ಜನ. ಅವರಿಗೆ ಅಂತ ಬಾಲ್ ಡಾನ್ಸು, ಇಂಗ್ಲಿಷ್ ನಾಟಕ, ಆಮೇಲೆ ಇಂಗ್ಲಿಷ್ ಸಿನಿಮಾ. ಶಿವಾಜಿನಗರದ ಎಲ್ಗಿನ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ನಾಟಕ, ಕುಣಿತಕ್ಕೆ ಅಂತ ಎದ್ದ ಹಾಲ್. ಬರುಬರುತ್ತಾ ಮೂಕಿಚಿತ್ರ, ಟಾಕಿ ಎರಡಕ್ಕೂ ಮೈಯೊಡ್ಡಿತು. ಎಂ.ಜಿ. ರಸ್ತೆಯ ಪ್ಲಾಜಾ 1936ರದ್ದು. ಈಗ ಆ ಜಾಗ ಮೆಟ್ರೋ ಪಾಲಾಗಿದೆ.

ಪೇಟೆಯ ಕಡೆ ಕನ್ನಡ. 1905ರಲ್ಲಿ ಶಿವನಸಮುದ್ರದಿಂದ ಬೆಂಗಳೂರಿಗೆ ಕರೆಂಟು ಬಂದ ಮೇಲೆ ರಾತ್ರಿಯ ಸ್ವರೂಪವೇ ಬದಲಾಯಿತು. ಬೀದಿ ದೀಪ ಬಂದ ಊರಿನಲ್ಲಿ ರಾತ್ರಿ ಆಟ ನೋಡಿ ಮನೆಗೆ ಹೋಗುವುದು ಸುಲಭ. ಮಾರ್ಕೆಟ್ಟಿನ ಹತ್ತಿರ, ಧರ್ಮಾಂಬುಧಿ ಕೆರೆಯ ಸುತ್ತಮುತ್ತ, ರೈಲ್ವೆ ಸ್ಟೇಷನ್ನಿನಿಂದ ನಡೆದು ಬರುವಷ್ಟು ದೂರದಲ್ಲಿ ನಾಟಕ, ಸರ್ಕಸ್ಸು, ಸಿನಿಮಾ ಬೇರು ಬಿಟ್ಟವು. ಹಳ್ಳಿಯಿಂದ ಕೆಲಸ ಹುಡುಕಿಕೊಂಡೋ, ಕೋರ್ಟು ಕಚೇರಿಗೋ ಬಂದವನು ಸಂಜೆ ಗಾಡಿ ತಪ್ಪಿಸಿಕೊಂಡರೆ ಒಂದು ಆಟ ನೋಡಿ ಮರುದಿನ ಊರಿಗೆ ಹೋಗುತ್ತಿದ್ದ. ಕೆರೆ ಒಣಗಿ ಮೈದಾನವಾಯಿತು, ಮೈದಾನ ಬಸ್ ಸ್ಟ್ಯಾಂಡಾಯಿತು. ಹತ್ತಿರ ಇದ್ದ ಮೆಜೆಸ್ಟಿಕ್ ಅನ್ನುವ ಒಂದು ಸಿನಿಮಾ ಥಿಯೇಟರಿನ ಹೆಸರೇ ಇಡೀ ಪ್ರದೇಶದ ಹೆಸರಾಯಿತು. ಥಿಯೇಟರು ಹೋದರೂ ಬಸ್ಸಿನ ಬೋರ್ಡಿನ ಮೇಲೆ ಅದರ ಹೆಸರು ಉಳಿದಿದೆ. ಸಾಮಾನ್ಯವಾಗಿ ಏರಿಯಾಗಳಿಗೆ ರಾಜರ ಹೆಸರು, ದಿವಾನರ ಹೆಸರು ಬೀಳುತ್ತೆ. ಇಲ್ಲಿ ಜನ ತಾವು ಕೂತು ನಕ್ಕು ಅತ್ತ ಜಾಗದ ಹೆಸರನ್ನು ಇಟ್ಟುಕೊಂಡರು.

ಇದೇ ಮೆಜೆಸ್ಟಿಕ್ ಸುತ್ತ ವೀರಣ್ಣನ ಹೆಸರಿನ ಗುಬ್ಬಿ ಥಿಯೇಟರ್ ಇತ್ತು. ಈಗಲೂ ಗಾಂಧಿನಗರದಲ್ಲಿ ಅವರ ಹೆಸರಿನ ರಂಗಮಂದಿರ ಇದೆ. ಉತ್ತರ ಕರ್ನಾಟಕದ ಕಂಪನಿಗಳು ಬೆಂಗಳೂರಿಗೆ ಬಂದರೆ ಅಲ್ಲೇ ಕ್ಯಾಂಪ್ ಹಾಕುತ್ತವೆ. ಬಸ್ ಇಳಿದು ನಡೆದು ಹೋಗಬಹುದಾದ ದೂರ ಅನ್ನುವುದೇ ಆ ಜಾಗದ ರಾಜಕೀಯ.

ಆನೆ ಬಂತು, ಪಂಡಿತರಿಗೆ ಸಿಟ್ಟೂ ಬಂತು

1930ರ ದಶಕದಲ್ಲಿ ವೀರಣ್ಣ ಕುರುಕ್ಷೇತ್ರ ಆಡಿಸಿದರು. ಬಣ್ಣದ ರಟ್ಟಿನ ಆನೆಯಲ್ಲ, ನಿಜವಾದ ಆನೆ, ನಿಜವಾದ ಕುದುರೆ, ರಥ. ಕನ್ನಡದಲ್ಲಿ ಅದುವರೆಗೆ ಯಾರೂ ಹಾಗೆ ಮಾಡಿರಲಿಲ್ಲ. ದಶಾವತಾರದಲ್ಲಿ ಕಣ್ಣ ಮುಂದೆಯೇ ದೃಶ್ಯ ಬದಲಾಗುವ ತಂತ್ರಗಳು. ಜನ ಮುಗಿಬಿದ್ದರು.

ಓದಿಕೊಂಡವರು ಮೂಗು ಮುರಿದರು. ಆ ಹೊತ್ತಿಗೆ ಟಿ.ಪಿ. ಕೈಲಾಸಂ, ಶ್ರೀರಂಗರಂಥವರು ಇನ್ನೊಂದು ರಂಗಭೂಮಿ ಕಟ್ಟುತ್ತಿದ್ದರು. ಮಧ್ಯಮ ವರ್ಗದ ಮನೆಯ ಹಜಾರ, ವರದಕ್ಷಿಣೆ, ವಿಧವೆಯ ಬದುಕು, ಜಾತಿಯ ಸೋಗಲಾಡಿತನ ಇವೇ ವಸ್ತು. ಅವರಿಗೆ ಕಂಪನಿ ನಾಟಕದ ಥಳಕು, ಮಾತುಮಾತಿಗೆ ಹಾಡು, ವನ್ಸ್ ಮೋರ್ ಕೂಗು ಎಲ್ಲವೂ ಅಪಹಾಸ್ಯದ ವಸ್ತು. ಅವರ ಟೀಕೆಯಲ್ಲಿ ಸತ್ಯ ಇತ್ತು. ದೇಶದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯುತ್ತಿದ್ದ ಕಾಲದಲ್ಲಿ ರಂಗದ ಮೇಲೆ ಕೃಷ್ಣ ಬೆಳ್ಳಿ ರಥ ಹತ್ತಿ ಬಂದರೆ ಅದು ಏನನ್ನು ಮುಟ್ಟಿತು ಅನ್ನುವ ಪ್ರಶ್ನೆ ನ್ಯಾಯವಾದದ್ದೇ.

ಆದರೆ ಇನ್ನೊಂದು ಪ್ರಶ್ನೆಯನ್ನು ಅವರು ಕೇಳಲಿಲ್ಲ: ಸುಧಾರಣೆಯ ನಾಟಕ ನೋಡಿದವರು ಯಾರು? ಬೆಂಗಳೂರು, ಧಾರವಾಡದ ವಿದ್ಯಾವಂತರು. ಕುರುಕ್ಷೇತ್ರ ನೋಡಿದವರು? ಕೂಲಿಯವರು, ಗಾಡಿ ಹೊಡೆಯುವವರು, ಸಂತೆಗೆ ಬಂದವರು. ಒಳ್ಳೆಯ ವಿಚಾರ ಒಂದು ಕಡೆ, ದೊಡ್ಡ ಜನಸಮೂಹ ಇನ್ನೊಂದು ಕಡೆ. ಪ್ರಗತಿಪರರು ಅಂತ ಕರೆದುಕೊಳ್ಳುವ ನಾವೆಲ್ಲ ಇವತ್ತಿಗೂ ಸಿಕ್ಕಿಕೊಂಡಿರುವ ಇಕ್ಕಟ್ಟು ಇದೇ ಅಲ್ಲವೇ? ನಮ್ಮ ಸೆಮಿನಾರ್ ಹಾಲಿನಲ್ಲಿ ನೆಲದ ಟಿಕೆಟ್ಟಿನವರು ಎಲ್ಲಿ ಕೂತಿದ್ದಾರೆ?

ತಾನೇ ಬೆಳೆಸಿದ ಸಿನಿಮಾ

ಸಿನಿಮಾ ಬಂದು ನಾಟಕವನ್ನು ಕೊಂದಿತು ಅಂತ ಸುಲಭವಾಗಿ ಹೇಳುತ್ತಾರೆ. ಕರ್ನಾಟಕದ ಮಟ್ಟಿಗೆ ಸಿನಿಮಾವನ್ನು ಎದೆಹಾಲು ಕೊಟ್ಟು ಸಾಕಿದ್ದೇ ನಾಟಕ. 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್‌ನಲ್ಲಿ ಬಿಡುಗಡೆಯಾದ ಮೊದಲ ಕನ್ನಡ ಟಾಕಿ ಸತಿ ಸುಲೋಚನಾದಲ್ಲಿ ಎಂ.ವಿ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಎಲ್ಲರೂ ನಾಟಕದವರೇ. ದುಡ್ಡು ಹಾಕಿದ್ದು ಚಮನ್‌ಲಾಲ್ ಡುಂಗಾಜಿ ಅನ್ನುವ ವ್ಯಾಪಾರಿ, ಶೂಟಿಂಗ್ ನಡೆದದ್ದು ಕೊಲ್ಹಾಪುರದಲ್ಲಿ. ಕನ್ನಡಕ್ಕೆ ಸ್ವಂತದ ಸ್ಟುಡಿಯೋ ಇಲ್ಲದ ಕಾಲ ಅದು.

ಇದಕ್ಕೂ ಮೊದಲೇ ವೀರಣ್ಣ ಮೂಕಿಚಿತ್ರಕ್ಕೆ ಕೈ ಹಾಕಿದ್ದರು. ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಕಟ್ಟಿ, ಬೆಲ್ಜಿಯಂನ ರಾಫೆಲ್ ಅಲ್ಗೊಯೆಟ್ ಅವರಿಂದ 1931ರಲ್ಲಿ ಹಿಸ್ ಲವ್ ಅಫೇರ್, ಮರುವರ್ಷ ವೈ.ವಿ. ರಾವ್ ಅವರಿಂದ ಹರಿಮಾಯಾ ಮಾಡಿಸಿದರು. ಗುಬ್ಬಿಯ ನಾಟಕದವನು, ಯುರೋಪಿನ ಕ್ಯಾಮೆರಾ ಮನುಷ್ಯ, ಬೆಂಗಳೂರಿನ ಬಿಸಿಲು. ಆದರೆ ಹೊತ್ತು ಸರಿ ಇರಲಿಲ್ಲ. 1931ರಲ್ಲೇ ಆಲಂ ಆರಾ ಬಂದು ಸಿನಿಮಾಕ್ಕೆ ಮಾತು ಬಂತು, ಮೂಕಿಯ ಮಾರುಕಟ್ಟೆ ಕುಸಿಯಿತು.

ಆಮೇಲೆ ಟಾಕಿ. 1935ರಲ್ಲಿ ಸದಾರಮೆ ತೆರೆಗೆ ಬಂತು, ಅದರಲ್ಲಿ ವೀರಣ್ಣನೂ ನಟಿಸಿದರು. 1941ರ ಸುಭದ್ರಾ, 1942ರ ಜೀವನ ನಾಟಕ ಬಂದವು. ಜೀವನ ನಾಟಕಕ್ಕೆ ಕತೆ ಬರೆದವರು ಅನಕೃ. ಪುರಾಣದಲ್ಲೇ ಸುತ್ತುತ್ತಿದ್ದ ಕನ್ನಡ ತೆರೆಗೆ ಸಮಕಾಲೀನ ಬದುಕನ್ನು ತಂದ ಆರಂಭದ ಪ್ರಯತ್ನಗಳಲ್ಲಿ ಅದೂ ಒಂದು. ನಾಟಕದಲ್ಲಿ ಗಳಿಸಿದ್ದನ್ನು ಸಿನಿಮಾಕ್ಕೆ ಸುರಿಯುವುದು, ಸಿನಿಮಾದಲ್ಲಿ ಕೈ ಸುಟ್ಟುಕೊಂಡರೆ ಮತ್ತೆ ಡೇರೆ ಎತ್ತುವುದು. ಇದು ಅವರ ನಡುವಯಸ್ಸಿನ ಬದುಕಿನ ಲಯ.

1954ರಲ್ಲಿ ಬೇಡರ ಕಣ್ಣಪ್ಪ ಬಂತು. ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ನಿರ್ಮಾಣ, ಎಚ್.ಎಲ್.ಎನ್. ಸಿಂಹ ನಿರ್ದೇಶನ, ಜಿ.ವಿ. ಅಯ್ಯರ್ ಬರವಣಿಗೆ. ನಾಯಕನ ಪಾತ್ರಕ್ಕೆ ಸಿಂಹ ಅವರು ಆರಿಸಿದ ಹುಡುಗನ ಹೆಸರು ಮುತ್ತುರಾಜ. ಅವನ ಅಪ್ಪ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ನಟ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ, ಹಿಂದುಳಿದ ಜಾತಿಯ, ಗಾಜನೂರಿನ ಆ ಹುಡುಗ ಆ ಸಿನಿಮಾದಿಂದ ರಾಜ್‌ಕುಮಾರ್ ಆದ. ಪಾತ್ರ ಯಾವುದು ನೋಡಿ: ಮಡಿ ಮಂತ್ರ ಗೊತ್ತಿಲ್ಲದ, ದೇವರಿಗೆ ಮಾಂಸ ಇಟ್ಟು ಪೂಜೆ ಮಾಡುವ ಬೇಡ. ಅವನನ್ನು ಹಿಂಸಿಸುವುದು ದೇವಸ್ಥಾನದ ಅರ್ಚಕ. ಕೊನೆಗೆ ಶಿವ ಒಲಿಯುವುದು ಬೇಡನಿಗೆ. ಶಾಲಾ ಮಕ್ಕಳ ತಟ್ಟೆಗೆ ಮೊಟ್ಟೆ ಹಾಕಬೇಕೋ ಬೇಡವೋ ಅಂತ ಮಠಗಳು, ಸಂಘಟನೆಗಳು ಗಲಾಟೆ ಮಾಡುವ ನಮ್ಮ ಕಾಲದಲ್ಲಿ ಈ ಸಿನಿಮಾವನ್ನು ಇನ್ನೊಮ್ಮೆ ನೋಡಿ ಅಂತ ನಾನು ಶಿಫಾರಸು ಮಾಡುತ್ತೇನೆ.

ಕಂಪನಿ ಎಂಬ ಶಾಲೆ

ವೀರಣ್ಣನ ಲೆಕ್ಕದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆನೆಯೂ ಅಲ್ಲ, ಸಿನಿಮಾವೂ ಅಲ್ಲ. ಆ ಕಂಪನಿ ಹೊರಗೆ ಕಳಿಸಿದ ಜನ. ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಎಲ್ಲ ಆ ಪಂಕ್ತಿಯಲ್ಲಿ ಉಂಡವರು. ಕನ್ನಡ ಸಿನಿಮಾದ ಮೊದಲ ಅರ್ಧ ಶತಮಾನವನ್ನು ಹೊತ್ತು ನಡೆದವರಲ್ಲಿ ಬಹಳ ಜನಕ್ಕೆ ಅಕ್ಷರ ಕಲಿಸಿದ್ದು, ತಾಳ ಕಲಿಸಿದ್ದು, ಅನ್ನ ಹಾಕಿದ್ದು ಡೇರೆ.

ಅದರಲ್ಲೂ ಒಬ್ಬರ ಕತೆಯನ್ನು ಬೇರೆಯಾಗಿ ಹೇಳಬೇಕು. ದಕ್ಷಿಣ ಕನ್ನಡದ ಬಾಬುಕೋಡಿಯಿಂದ ಮನೆ ಬಿಟ್ಟು ಓಡಿ ಬಂದ ಒಬ್ಬ ಹುಡುಗ ಕಂಪನಿ ಸೇರಿದ. ಓದುವ ಹುಡುಗ ಅಂತ ಗೊತ್ತಾದ ಮೇಲೆ ವೀರಣ್ಣ ಅವನನ್ನು ಕಂಪನಿಯಲ್ಲೇ ಕಟ್ಟಿಹಾಕಲಿಲ್ಲ. ಕಾಶಿಗೆ ಓದಲು ಕಳಿಸಿದರು. ಆ ಹುಡುಗ ಬಿ.ವಿ. ಕಾರಂತ. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು. ಪಂಡಿತರು ಮೂಗು ಮುರಿದಿದ್ದ ಕಂಪನಿ ಸಂಗೀತವನ್ನೇ ಆಧುನಿಕ ರಂಗಭೂಮಿಯ ಜೀವ ಮಾಡಿ ತೋರಿಸಿದರು. ನೆಲದವರ ನಾಟಕ, ಓದಿದವರ ನಾಟಕ ಅನ್ನುವ ಬಿರುಕಿಗೆ ಕಾರಂತರು ಸೇತುವೆ ಹಾಕಿದರು ಅಂದರೆ, ಆ ಸೇತುವೆಗೆ ಮೊದಲ ಕಲ್ಲು ಹೊತ್ತದ್ದು ಹೆಚ್ಚು ಓದಿರದ ಒಬ್ಬ ಕಂಪನಿ ಮಾಲೀಕ.

ಕೊನೆಗಾಲದಲ್ಲಿ ವೀರಣ್ಣ ತಮ್ಮ ಬದುಕಿನ ಕತೆಯನ್ನು ಪುಸ್ತಕ ಮಾಡಿದರು. ಅದರ ಹೆಸರು ಕಲೆಯೇ ಕಾಯಕ. ಹನ್ನೆರಡನೇ ಶತಮಾನದ ಶರಣರ ಮಾತನ್ನು ನಾಟಕದ ಕಸುಬಿಗೆ ತೊಡಿಸಿದ ಹೆಸರು. ಕಾಯಕ ಅಂದ ಮೇಲೆ ಬೆವರು ಇರಬೇಕು, ದಾಸೋಹವೂ ಇರಬೇಕು. 1972ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಅಕ್ಟೋಬರ್ 18ರಂದು ತೀರಿಕೊಂಡರು.

ಕೆಡವಿದ ಮೇಲೆ ಏನು ಕಟ್ಟುತ್ತೀವಿ?

ಅವರು ಹೋದ ಮೇಲಿನ ಕತೆ ನಿಮ್ಮ ಕಣ್ಣ ಮುಂದೆಯೇ ಇದೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಕೆಂಪೇಗೌಡ ರಸ್ತೆಯ ಎರಡೂ ಬದಿ ಥಿಯೇಟರು. ಸಾಗರ್, ತ್ರಿಭುವನ್, ಕೈಲಾಶ್, ಸಂತೋಷ್, ನರ್ತಕಿ, ಹಿಮಾಲಯ, ಅಲಂಕಾರ್, ಮೇನಕಾ. ನಾಯಕನ ಕಟೌಟಿಗೆ ಹಾಲು ಸುರಿಯುವ ಹುಡುಗರು, ಬ್ಲ್ಯಾಕ್ ಟಿಕೆಟ್ಟಿನವರು, ಸ್ಟ್ಯಾಂಡಿನ ಕಡಲೆಕಾಯಿ ಗಾಡಿ. 2004ರಲ್ಲಿ ಕೋರಮಂಗಲದ ಮಾಲಿನಲ್ಲಿ ಮಲ್ಟಿಪ್ಲೆಕ್ಸ್ ಬಂತು. ಅದಾದ ಮೇಲೆ ಒಂದೊಂದೇ ಉದುರತೊಡಗಿದವು. 2017ರಲ್ಲಿ ಕಪಾಲಿ ಹೋಯಿತು, 2024ರಲ್ಲಿ ಕಾವೇರಿ. ಬಹಳ ಕಡೆ ಹಳೆಯದು ಕೆಡವಿ ಎಬ್ಬಿಸಿದ್ದು ವಾಣಿಜ್ಯ ಸಂಕೀರ್ಣವೇ.

ನಾನು ಹಳೆಯದನ್ನು ನೆನೆದು ಕಣ್ಣೀರು ಹಾಕುವವರ ಗುಂಪಿನವನಲ್ಲ. ಹಳೆ ಥಿಯೇಟರಿನ ಶೌಚಾಲಯ ಹೇಗಿತ್ತು, ಒಬ್ಬಳೇ ಸಿನಿಮಾಕ್ಕೆ ಹೋದ ಹೆಣ್ಣುಮಗಳ ಪಾಡು ಏನಾಗುತ್ತಿತ್ತು ಅಂತ ನಮ್ಮ ಮನೆಯ ಹೆಂಗಸರನ್ನು ಕೇಳಿದರೆ ಸಾಕು. ಕಟ್ಟಡ ಹಳೆಯದಾದರೆ ಕೆಡವಲಿ. ತಕರಾರು ಇರುವುದು ಕಟ್ಟಡದ ಜೊತೆ ಹೊರಟುಹೋಗುವ ನೆಲದ ಟಿಕೆಟ್ಟಿನ ಬಗ್ಗೆ. ಸಾವಿರ ಜನ, ಬೇರೆಬೇರೆ ಜಾತಿಯವರು, ಬೇರೆಬೇರೆ ರೇಟು ಕೊಟ್ಟವರು ಒಂದೇ ಕತ್ತಲಲ್ಲಿ ಒಂದೇ ಹಾಸ್ಯಕ್ಕೆ ನಗುವ ಜಾಗ ಊರಿನಲ್ಲಿ ಎಷ್ಟು ಉಳಿದಿವೆ? ಮೊಬೈಲಿನಲ್ಲಿ ಎಲ್ಲರೂ ಎಲ್ಲವನ್ನೂ ನೋಡುತ್ತಾರೆ, ನಿಜ. ಒಬ್ಬೊಬ್ಬರೇ ನೋಡುತ್ತಾರೆ.

ಟಿಕೆಟ್ ರೇಟಿನ ಮಿತಿ ಕೋರ್ಟಿನಲ್ಲಿ ಏನಾದರೂ ಆಗಲಿ, ಸರ್ಕಾರ ತನ್ನ ಕೈಯಲ್ಲೇ ಇರುವ ಕೆಲಸ ಮಾಡಬಹುದು. ಜಿಲ್ಲೆ, ತಾಲ್ಲೂಕುಗಳಲ್ಲಿ ಸರ್ಕಾರದ್ದೇ ರಂಗಮಂದಿರಗಳಿವೆ. ಹುಡುಗರು ನಾಟಕ ಆಡಬೇಕೆಂದರೆ ಬಾಡಿಗೆ ಕಟ್ಟಲು ಒದ್ದಾಡುತ್ತಾರೆ, ಮದುವೆ ಮನೆಯಂತೆ ಡೆಪಾಸಿಟ್ ಕೇಳುತ್ತಾರೆ. ವರ್ಷದಲ್ಲಿ ಇಷ್ಟು ದಿನ ಊರಿನ ತಂಡಗಳಿಗೆ, ಅಲೆಮಾರಿ ಕಂಪನಿಗಳಿಗೆ, ಸಣ್ಣ ಕನ್ನಡ ಸಿನಿಮಾಗಳಿಗೆ ಕಡಿಮೆ ಬಾಡಿಗೆಯಲ್ಲಿ ಕೊಡಬೇಕು ಅಂತ ನಿಯಮ ಮಾಡಿದರೆ ಖಜಾನೆ ಬರಿದಾಗುವುದಿಲ್ಲ. ವೃತ್ತಿ ಕಂಪನಿಯ ಮುದಿ ಕಲಾವಿದರ ಮಾಸಾಶನ ತಿಂಗಳು ತಪ್ಪದೆ ಬಂದರೆ, ವೀರಣ್ಣನ ಹೆಸರಲ್ಲಿ ಕೊಡುವ ಪ್ರಶಸ್ತಿಗೂ ಒಂದು ಅರ್ಥ ಬರುತ್ತೆ.

ಇವನ್ನು ಕೇಳುವವರು ನೀವೇ ಆಗಬೇಕು. ನಿಮ್ಮ ತಾಲ್ಲೂಕಿನ ರಂಗಮಂದಿರ ಕಳೆದ ವರ್ಷ ಎಷ್ಟು ದಿನ ಬೀಗ ಹಾಕಿಕೊಂಡಿತ್ತು, ಬಾಡಿಗೆ ಎಷ್ಟು, ಯಾರಿಗೆ ಕೊಟ್ಟರು ಅಂತ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಒಂದು ಅರ್ಜಿ ಹಾಕಿ. ಉತ್ತರ ಬಂದ ಮೇಲೆ ಅದನ್ನು ಹಿಡಿದು ಒಂದು ಬೀದಿ ನಾಟಕ ಮಾಡಿ. ಬೀಗ ಹಾಕಿದ ಬಾಗಿಲ ಎದುರೇ ಮಾಡಿ. ನೋಡೋಕೆ ಬಂದವರನ್ನು ನೆಲದ ಮೇಲೆ ಕೂರಿಸಿ.